ಲಜ್ಜೆ ಇರಲಿ, ಚಿಕಿತ್ಸೆ ತಪ್ಪದಿರಲಿ

(ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಮ್ಮ ಸಮುದಾಯದ ವೇದಿಕೆಗಳಲ್ಲಿ ನಾವು ಶಿಕ್ಷಣದ ಕುರಿತು ಮಾತಾಡುತ್ತೇವೆ. ವರದಕ್ಷಿಣೆ, ಬಡ್ಡಿ, ಮದುವೆಯ ದುಂದುವೆಚ್ಚ ಇವುಗಳ ಕುರಿತೂ ಮಾತಾಡುತ್ತೇವೆ. ಆದರೆ ಪ್ರತಿಯೊಂದು ಮನೆಯಲ್ಲೂ ಇರುವ, ಯಾವ ವೇದಿಕೆಯಲ್ಲೂ ಪ್ರಸ್ತಾಪವಾಗದ ಒಂದು ವಿಷಯವಿದೆ. ಅದು ದಾಂಪತ್ಯಕ್ಕೆ ಮತ್ತು ಗುಪ್ತಾಂಗಗಳಿಗೆ ಸಂಬಂಧಿಸಿದ ಆರೋಗ್ಯದ ವಿಷಯ. ತಲೆನೋವು ಬಂದರೆ ಹತ್ತು ಜನರಿಗೆ ಹೇಳುವ ನಾವು, ಈ ನೋವು ಬಂದಾಗ ಒಬ್ಬರಿಗೂ ಹೇಳುವುದಿಲ್ಲ. ಹೇಳದಿರುವುದಕ್ಕೆ ನಾವು ಕೊಡುವ ಹೆಸರು ಲಜ್ಜೆ. ಆ ಲಜ್ಜೆಯ ಹೆಸರಿನಲ್ಲಿ ಎಷ್ಟು ದಾಂಪತ್ಯಗಳು ಮುರಿದಿವೆ, ಎಷ್ಟು ಹೆಣ್ಣುಮಕ್ಕಳು ತಪ್ಪಿಲ್ಲದೆ ತಲಾಕಿನ ದಾರಿ ಹಿಡಿದಿದ್ದಾರೆ, ಎಷ್ಟು ಯುವಕರು ನಕಲಿ ವೈದ್ಯರ ಕೈಗೆ ಸಿಕ್ಕಿ ಹಣವನ್ನೂ ನೆಮ್ಮದಿಯನ್ನೂ ಕಳಕೊಂಡಿದ್ದಾರೆ ಎಂಬುದನ್ನು ಯಾರೂ ಲೆಕ್ಕವಿಟ್ಟಿಲ್ಲ.

ಇಂದು ಪರಿಸ್ಥಿತಿ ಒಂದಿಷ್ಟು ಬದಲಾಗಿದೆ. ಕೈಯಲ್ಲಿರುವ ಮೊಬೈಲ್ ಫೋನಿನ ಮೂಲಕವೇ ನೋಂದಾಯಿತ ವೈದ್ಯರೊಂದಿಗೆ ಮಾತಾಡಿ, ಸಲಹೆ ಪಡೆದು, ಔಷಧದ ಚೀಟಿಯನ್ನೂ ಪಡೆಯುವ ವ್ಯವಸ್ಥೆ ದೇಶದಲ್ಲಿ ಕಾನೂನುಬದ್ಧವಾಗಿ ಬಂದಿದೆ. ನಾಚಿಕೆಯಿಂದ ಬಾಯಿ ಕಟ್ಟಿಹೋದವರಿಗೆ ಇದೊಂದು ಬಾಗಿಲು. ಆದರೆ ಈ ಬಾಗಿಲಿನಲ್ಲಿ ವೈದ್ಯರೂ ನಿಂತಿದ್ದಾರೆ, ವಂಚಕರೂ ನಿಂತಿದ್ದಾರೆ. ಆದ್ದರಿಂದ ಇದನ್ನು ಹೇಗೆ ಬಳಸಬೇಕು, ಎಲ್ಲಿ ಬಳಸಬಾರದು ಎಂಬುದನ್ನು ನಾವು ಕುಟುಂಬವಾಗಿ ಕುಳಿತು ಅರಿತುಕೊಳ್ಳಬೇಕಾಗಿದೆ.

ಲಜ್ಜೆ ಎಂದರೇನು?

ಮೊದಲು ಧರ್ಮದ ಮಾತು. ಲಜ್ಜೆಯು ವಿಶ್ವಾಸದ ಒಂದು ಶಾಖೆ ಎಂದು ಪ್ರವಾದಿ ಮುಹಮ್ಮದ್(ಸ) ಕಲಿಸಿಕೊಟ್ಟಿದ್ದಾರೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಪ್ರವಾದಿವರ್ಯರ(ಸ) ಸನ್ನಿಧಿಯಲ್ಲಿ ಜನರು ಏನೇನು ಕೇಳಿದ್ದರು ಎಂಬುದನ್ನೂ ನಾವು ನೆನಪಿಸಿಕೊಳ್ಳಬೇಕು. ಅನ್ಸಾರಿ ಮಹಿಳೆ ಉಮ್ಮು ಸುಲೈಮ್(ರ) ಬಂದು, ಸ್ತ್ರೀಗೆ ಸ್ವಪ್ನಸ್ಖಲನವಾದರೆ ಸ್ನಾನ ಕಡ್ಡಾಯವೇ ಎಂದು ನೇರವಾಗಿ ವಿಚಾರಿಸಿದರು. ಪ್ರವಾದಿವರ್ಯರು(ಸ) ಅವರನ್ನು ಗದರಿಸಲಿಲ್ಲ, ಉತ್ತರಿಸಿದರು. ಫಾತಿಮಾ ಬಿಂತ್ ಅಬೀ ಹುಬೈಶ್(ರ) ತಮಗೆ ನಿಲ್ಲದೆ ರಕ್ತಸ್ರಾವವಾಗುತ್ತಿರುವುದನ್ನು ಹೇಳಿ, ನಮಾಝ್ ಬಿಡಬೇಕೇ ಎಂದು ಕೇಳಿದರು. ಅದು ಮುಟ್ಟಲ್ಲ, ರಕ್ತನಾಳದಿಂದ ಬರುವ ರಕ್ತವೆಂದು ಅವರಿಗೆ ವಿವರಿಸಲಾಯಿತು. ಅಂದರೆ ಸಹಜ ಸ್ಥಿತಿ ಯಾವುದು, ಕಾಯಿಲೆ ಯಾವುದು ಎಂಬ ವ್ಯತ್ಯಾಸವನ್ನು ಆ ಕಾಲದಲ್ಲೇ ಸ್ತ್ರೀಯರು ಕೇಳಿ ತಿಳಿದುಕೊಳ್ಳುತ್ತಿದ್ದರು. ಧರ್ಮವನ್ನು ಅರಿತುಕೊಳ್ಳುವುದಕ್ಕೆ ಲಜ್ಜೆಯು ಅನ್ಸಾರಿ ಸ್ತ್ರೀಯರಿಗೆ ಅಡ್ಡಿಯಾಗಲಿಲ್ಲ ಎಂದು ಹಝ್ರತ್ ಆಯಿಶಾ(ರ) ಅವರನ್ನು ಪ್ರಶಂಸಿಸಿದ್ದರು.

ಇನ್ನೊಂದು ಘಟನೆಯು ಇಂದಿನ ನಮ್ಮ ವಿಷಯಕ್ಕೆ ಇನ್ನಷ್ಟು ಹತ್ತಿರದ್ದು. ಹಝ್ರತ್ ಅಲೀ(ರ) ಅವರಿಗೆ ಇಂತಹದೇ ಒಂದು ಶಾರೀರಿಕ ಸಮಸ್ಯೆಯಿತ್ತು. ಪ್ರವಾದಿವರ್ಯರ(ಸ) ಪುತ್ರಿಯೇ ಅವರ ಪತ್ನಿಯಾಗಿದ್ದುದರಿಂದ ಮಾವನವರೊಡನೆ ಅದನ್ನು ಕೇಳಲು ಅವರಿಗೆ ಸಂಕೋಚವಾಯಿತು. ಅವರು ಏನು ಮಾಡಿದರು? ಸಮಸ್ಯೆಯನ್ನು ಬಚ್ಚಿಟ್ಟುಕೊಂಡು ಕುಳಿತರೇ? ಇಲ್ಲ. ಮಿಕ್ದಾದ್(ರ) ಅವರನ್ನು ಕಳುಹಿಸಿ ಕೇಳಿಸಿದರು, ಉತ್ತರ ಪಡೆದರು. ಇಲ್ಲಿ ನಮಗೆ ಎರಡು ಪಾಠಗಳಿವೆ. ಮನುಷ್ಯನಿಗೆ ಸಂಕೋಚವಿರುವುದು ತಪ್ಪಲ್ಲ, ಅಲೀ(ರ) ಅವರಂತಹ ಧೀರರಿಗೂ ಸಂಕೋಚವಿತ್ತು. ಆದರೆ ಸಂಕೋಚದ ಕಾರಣಕ್ಕೆ ಪ್ರಶ್ನೆಯನ್ನೇ ಕೈಬಿಡಕೂಡದು. ಮುಖಾಮುಖಿ ಕೇಳಲಾಗದಿದ್ದರೆ ಸಭ್ಯವಾದ ಇನ್ನೊಂದು ದಾರಿಯನ್ನು ಹುಡುಕಬೇಕು. ದೂರದಿಂದ ವೈದ್ಯರನ್ನು ಕಾಣುವ ಇಂದಿನ ಸೌಲಭ್ಯವನ್ನು ನಾವು ಆ ಬೆಳಕಿನಲ್ಲಿ ನೋಡಬೇಕು. ಅದು ಲಜ್ಜೆಯನ್ನು ಬಿಡಲಿಕ್ಕಿರುವ ಸಾಧನವಲ್ಲ. ಲಜ್ಜೆಯನ್ನು ಉಳಿಸಿಕೊಂಡೇ ಚಿಕಿತ್ಸೆ ಪಡೆಯಲಿಕ್ಕಿರುವ ಸಾಧನ.

ಮೌನದ ಲಾಭ ಯಾರಿಗೆ?

ನಾವು ಮೌನವಾಗಿದ್ದರೆ ರೋಗ ಮೌನವಾಗಿರುವುದಿಲ್ಲ. ನಮ್ಮ ಪಟ್ಟಣಗಳ ಬಸ್ ನಿಲ್ದಾಣದ ಶೌಚಾಲಯದ ಗೋಡೆಗಳನ್ನು ನೋಡಿರಿ. ಗುಪ್ತರೋಗಗಳಿಗೆ ಖಚಿತ ಚಿಕಿತ್ಸೆ, ಇಂತಹ ದಿನ ಇಂತಹ ಲಾಡ್ಜಿನಲ್ಲಿ ಲಭ್ಯ ಎಂಬ ಚೀಟಿಗಳು ಅಲ್ಲಿರುತ್ತವೆ. ಹದಿಹರೆಯದ ಹುಡುಗನಿಗೆ ಸಹಜವಾಗಿ ಆಗುವ ಸ್ವಪ್ನಸ್ಖಲನವನ್ನೇ ಧಾತುನಷ್ಟವೆಂಬ ಭಯಾನಕ ರೋಗವಾಗಿ ಚಿತ್ರಿಸಿ, ನಿನಗೆ ಮದುವೆಯ ಯೋಗ್ಯತೆಯಿಲ್ಲವೆಂದು ಹೆದರಿಸಿ ಸಾವಿರಾರು ರೂಪಾಯಿ ಕಸಿಯುವ ದಂಧೆ ಅದು. ಲೈಂಗಿಕ ಶಕ್ತಿಯನ್ನು ಹೆಚ್ಚಿಸುವ ಔಷಧಗಳ ಜಾಹೀರಾತನ್ನು ಈ ದೇಶದಲ್ಲಿ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ನಿಷೇಧಿಸಿದೆ. ಕಾನೂನು ಬಂದು ಏಳು ದಶಕ ಕಳೆದರೂ ಗೋಡೆಯ ಚೀಟಿ ಹೋಗಿಲ್ಲ. ಈಗ ಅದೇ ಚೀಟಿ ಗೋಡೆಯಿಂದಿಳಿದು ಮೊಬೈಲಿನ ಪರದೆಗೆ ಬಂದಿದೆ. ಸಣ್ಣಪುಟ್ಟ ಕಳ್ಳತನವನ್ನು ಹುಡುಕಿ ಹಿಡಿಯುವ ವ್ಯವಸ್ಥೆಗೆ ಹಾಡಹಗಲೇ ನಡೆಯುವ ಈ ಸುಲಿಗೆ ಕಾಣಿಸದಿರುವುದು ಆಶ್ಚರ್ಯವೇ ಸರಿ.

ಹಣ ಹೋಗುವುದು ಸಣ್ಣ ನಷ್ಟ. ಗಿಡಮೂಲಿಕೆಯೆಂದು ಹೇಳಿ ಮಾರುವ ಇಂತಹ ಗುಳಿಗೆಗಳಲ್ಲಿ ಸಿಲ್ಡೆನಾಫಿಲ್ ಎಂಬ ಅಲೋಪಥಿ ಔಷಧವನ್ನು ಗುಟ್ಟಾಗಿ ಬೆರೆಸಿರುವುದು ಹಲವು ಕಡೆ ಪರೀಕ್ಷೆಯಲ್ಲಿ ಪತ್ತೆಯಾಗಿದೆ. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧವದು. ಹೃದ್ರೋಗಕ್ಕೆ ನೈಟ್ರೇಟ್ ಗುಳಿಗೆ ಸೇವಿಸುವವರು ಅದನ್ನು ತೆಗೆದುಕೊಂಡರೆ ರಕ್ತದೊತ್ತಡ ಒಮ್ಮೆಲೇ ಕುಸಿದು ಪ್ರಾಣಕ್ಕೇ ಅಪಾಯ. ಇನ್ನೊಂದು ವಿಷಯವನ್ನೂ ಗಂಡಸರು ತಿಳಿದಿರಬೇಕು. ಮಧ್ಯವಯಸ್ಸಿನಲ್ಲಿ ಕಾಣಿಸುವ ನಿಮಿರು ದೌರ್ಬಲ್ಯವು ಅನೇಕ ಸಲ ಸಕ್ಕರೆ ಕಾಯಿಲೆಯ ಪರಿಣಾಮವಾಗಿರುತ್ತದೆ. ಕೆಲವೊಮ್ಮೆ ಅದು ಮುಂದೆ ಬರಲಿರುವ ಹೃದ್ರೋಗದ ಮುನ್ಸೂಚನೆ. ಅದನ್ನು ಲಾಡ್ಜಿನ ಲೇಹ್ಯದಿಂದ ಮುಚ್ಚಿಹಾಕುವವನು ತನ್ನ ಹೃದಯದ ಎಚ್ಚರಿಕೆಯ ಗಂಟೆಯನ್ನೇ ನಿಲ್ಲಿಸಿದಂತೆ.

ಸ್ತ್ರೀಯರ ಪಾಲಿಗೆ ಈ ಮೌನ ಇನ್ನಷ್ಟು ಕ್ರೂರ. ಬಿಳಿಸೆರಗು, ತುರಿಕೆ, ಕೆಳಹೊಟ್ಟೆಯ ನೋವು ಇವೆಲ್ಲವನ್ನೂ ಹೆಣ್ಣಿನ ಹಣೆಬರಹವೆಂದು ವರ್ಷಗಟ್ಟಲೆ ಸಹಿಸಿಕೊಳ್ಳುವವರಿದ್ದಾರೆ. ಕ್ಲಮೀಡಿಯಾದಂತಹ ಸೋಂಕು ಹೆಚ್ಚಿನ ಸ್ತ್ರೀಯರಲ್ಲಿ ಯಾವ ಲಕ್ಷಣವನ್ನೂ ತೋರಿಸದು. ಚಿಕಿತ್ಸೆಯಾಗದಿದ್ದರೆ ಅದು ಗರ್ಭನಾಳಗಳಿಗೆ ಹಾನಿ ಮಾಡಿ ಬಂಜೆತನಕ್ಕೆ ಕಾರಣವಾಗಬಲ್ಲದು. ಗಂಡನಿಂದ ಬಂದ ಸೋಂಕಿಗೆ ಹೆಂಡತಿ ಬಂಜೆಯೆಂಬ ಹೆಸರು ಹೊರುವುದು ಎಂತಹ ಅನ್ಯಾಯ!

ಮಕ್ಕಳಾಗದಿರುವ ಸಮಸ್ಯೆಯನ್ನೇ ತೆಗೆದುಕೊಳ್ಳಿರಿ. ಜಗತ್ತಿನಲ್ಲಿ ಸುಮಾರು ಆರು ಮಂದಿಯಲ್ಲಿ ಒಬ್ಬರು ಜೀವನದ ಯಾವುದಾದರೊಂದು ಘಟ್ಟದಲ್ಲಿ ಈ ಸಮಸ್ಯೆಯನ್ನು ಎದುರಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ತಿಳಿಸಿತು. ಇಂತಹ ದಂಪತಿಗಳಲ್ಲಿ ಸರಿಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಪುರುಷನ ಕಡೆಯಿಂದಲೂ ಕಾರಣವಿರುತ್ತದೆ. ಆದರೆ ನಮ್ಮ ಮನೆಗಳಲ್ಲಿ ಏನಾಗುತ್ತದೆ? ಸೊಸೆಯನ್ನು ಸ್ಕ್ಯಾನಿಂಗಿಗೆ, ರಕ್ತಪರೀಕ್ಷೆಗೆ, ಊರೂರಿನ ದರ್ಗಾಗಳಿಗೆ ಅಲೆದಾಡಿಸಲಾಗುತ್ತದೆ. ಮಗನ ವೀರ್ಯ ಪರೀಕ್ಷೆಯ ಮಾತೆತ್ತಿದರೆ ಕುಟುಂಬದ ಮಾನ ಹೋಗುತ್ತದೆ. ಎಲ್ಲಕ್ಕಿಂತ ಸುಲಭವಾದ, ನೋವಿಲ್ಲದ, ಖರ್ಚು ಕಡಿಮೆಯಿರುವ ಪರೀಕ್ಷೆಯೇ ಅದು. ಪರೀಕ್ಷೆಯನ್ನೇ ಮಾಡಿಸದೆ ಹೆಣ್ಣನ್ನು ತವರಿಗಟ್ಟಿ ಎರಡನೇ ಮದುವೆಗೆ ಹೊರಡುವವನು ಅಲ್ಲಾಹನ ಮುಂದೆ ಏನುತ್ತರ ಕೊಡುತ್ತಾನೆ?

ಕಾನೂನು ಏನು ಹೇಳುತ್ತದೆ?

ಕೊರೋನಾ ಕಾಲದಲ್ಲಿ, 2020ರ ಮಾರ್ಚ್ 25ರಂದು ದೇಶದಲ್ಲಿ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಟವಾಯಿತು. ಅದಕ್ಕಿಂತ ಮೊದಲು ಫೋನಿನಲ್ಲಿ ಚಿಕಿತ್ಸೆ ಕೊಡಬಹುದೇ ಎಂಬ ಬಗ್ಗೆ ವೈದ್ಯರಲ್ಲೇ ಗೊಂದಲವಿತ್ತು. ಈ ಮಾರ್ಗಸೂಚಿಯ ಮುಖ್ಯಾಂಶಗಳನ್ನು ಜನಸಾಮಾನ್ಯರಾದ ನಾವು ತಿಳಿದಿದ್ದರೆ ವಂಚಕರನ್ನು ಗುರುತಿಸುವುದು ಸುಲಭ.

ಮೊದಲನೆಯದಾಗಿ, ನೋಂದಾಯಿತ ವೈದ್ಯರು ಮಾತ್ರ ಹೀಗೆ ಚಿಕಿತ್ಸೆ ಕೊಡಬಹುದು. ಅವರು ತಮ್ಮ ನೋಂದಣಿ ಸಂಖ್ಯೆಯನ್ನು ಔಷಧ ಚೀಟಿಯಲ್ಲೂ ಶುಲ್ಕದ ರಸೀದಿಯಲ್ಲೂ ತೋರಿಸಲೇಬೇಕು. ಆ ಸಂಖ್ಯೆ ನಿಜವೇ ಎಂಬುದನ್ನು ವೈದ್ಯಕೀಯ ಪರಿಷತ್ತಿನ ನೋಂದಣಿ ಪಟ್ಟಿಯಲ್ಲಿ ಯಾರೂ ನೋಡಬಹುದು. ಸಂಖ್ಯೆ ಕೇಳಿದಾಗ ಮಾತು ಮರೆಸುವವನು ವೈದ್ಯನಲ್ಲವೆಂದೇ ತಿಳಿಯಬೇಕು.

ಎರಡನೆಯದು, ಗೌಪ್ಯತೆ ಬೇರೆ, ಹೆಸರು ಮರೆಸುವುದು ಬೇರೆ. ಈ ವ್ಯವಸ್ಥೆಯಲ್ಲಿ ರೋಗಿಯೂ ವೈದ್ಯರೂ ಪರಸ್ಪರರ ಗುರುತನ್ನು ಅರಿತಿರಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಆದ್ದರಿಂದ ಸುಳ್ಳು ಹೆಸರು, ಸುಳ್ಳು ವಯಸ್ಸು ಕೊಡಬಾರದು. ವಯಸ್ಸು, ಮದುವೆಯಾಗಿದೆಯೇ, ಬೇರೆ ಕಾಯಿಲೆಯಿದೆಯೇ, ಗರ್ಭಿಣಿಯೇ ಎಂಬುದು ತಿಳಿಯದೆ ವೈದ್ಯರು ಸರಿಯಾದ ಔಷಧ ಕೊಡಲಾರರು. ನಿಜ ಹೇಳಿದರೂ ಅದು ಹೊರಗೆ ಹೋಗದಂತೆ ನೋಡಿಕೊಳ್ಳುವುದು ವೈದ್ಯರ ಹೊಣೆ. ರೋಗಿಯ ಚಿತ್ರ ಮತ್ತು ಮಾಹಿತಿಯ ದುರ್ಬಳಕೆಯನ್ನು ವೃತ್ತಿ ದುರ್ನಡತೆಯೆಂದೇ ಪರಿಗಣಿಸಲಾಗುತ್ತದೆ. ನಮ್ಮ ಧರ್ಮದ ಭಾಷೆಯಲ್ಲಿ ಹೇಳುವುದಾದರೆ ರೋಗಿಯ ಮಾತು ವೈದ್ಯರ ಬಳಿ ಇರುವ ಅಮಾನತ್ತು.

ಮೂರನೆಯದು, ಎಲ್ಲ ಔಷಧಗಳನ್ನೂ ಫೋನಿನಲ್ಲಿ ಬರೆದುಕೊಡುವಂತಿಲ್ಲ. ಕೆಲವನ್ನು ಮೊದಲ ಬಾರಿಗೆ ಬರೆಯಬೇಕಾದರೆ ವೀಡಿಯೋದಲ್ಲಿ ರೋಗಿಯನ್ನು ನೋಡಿರಬೇಕು. ಕೆಲವನ್ನು ಹಿಂದೆ ಆರಂಭವಾದ ಚಿಕಿತ್ಸೆಯ ಮುಂದುವರಿಕೆಗೆ ಮಾತ್ರ ಬರೆಯಬಹುದು. ಮಾದಕ ಸ್ವಭಾವದ ಔಷಧಗಳನ್ನು ಬರೆಯುವುದಕ್ಕೇ ಅವಕಾಶವಿಲ್ಲ. ಮಾತೂ ಆಡಿಸದೆ, ನೋಡದೆ, ಹಣ ಕಟ್ಟಿದೊಡನೆ ಗುಳಿಗೆಯ ಪೊಟ್ಟಣ ಕಳುಹಿಸುವವರು ಈ ನಿಯಮದ ಹೊರಗಿನವರು.

ನಾಲ್ಕನೆಯದು, ಯಂತ್ರವು ವೈದ್ಯನಲ್ಲ. ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ರೋಗಿಗೆ ತಾವೇ ಸಲಹೆ ಕೊಡುವುದನ್ನೂ ಔಷಧ ಬರೆಯುವುದನ್ನೂ ಈ ಮಾರ್ಗಸೂಚಿ ಒಪ್ಪುವುದಿಲ್ಲ. ಅವು ವೈದ್ಯರಿಗೆ ನೆರವಾಗಬಹುದು, ಅಷ್ಟೇ. ನಮ್ಮ ಮಕ್ಕಳು ಎಲ್ಲ ಪ್ರಶ್ನೆಗಳನ್ನೂ ಪರದೆಯೊಡನೆ ಕೇಳುವ ಈ ದಿನಗಳಲ್ಲಿ ಇದನ್ನು ಒತ್ತಿ ಹೇಳಬೇಕಾಗಿದೆ.

ಐದನೆಯದು, ಅಪ್ರಾಪ್ತ ವಯಸ್ಸಿನವರು ಹೀಗೆ ವೈದ್ಯರನ್ನು ಕಾಣುವಾಗ ಜೊತೆಯಲ್ಲಿ ಗುರುತು ಖಚಿತವಾಗಿರುವ ವಯಸ್ಕರೊಬ್ಬರು ಇರಬೇಕು. ಆದ್ದರಿಂದ ತಂದೆತಾಯಂದಿರೇ, ನಿಮ್ಮ ಮಗ ಅಥವಾ ಮಗಳು ನಿಮ್ಮ ಬಳಿ ಬಂದು ಹೇಳುವಂತಹ ವಾತಾವರಣ ಮನೆಯಲ್ಲಿರಲಿ. ನೀವು ಕೇಳಿಸಿಕೊಳ್ಳದಿದ್ದರೆ ಅವರು ಲಾಡ್ಜಿನವನ ಬಳಿಗೇ ಹೋಗುತ್ತಾರೆ. ಹದಿಹರೆಯದವರಿಗಾಗಿ ರಾಜ್ಯದ ಸರಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ ಎಂಬುದೂ ನಿಮಗೆ ತಿಳಿದಿರಲಿ.

ಗಲ್ಫಿನಲ್ಲಿ ದುಡಿಯುವ ಸಹೋದರರಿಗೂ ಒಂದು ಮಾತು. ಈ ಮಾರ್ಗಸೂಚಿ ಭಾರತದೊಳಗಿನ ಸಮಾಲೋಚನೆಗೆ ಮಾತ್ರ ಅನ್ವಯಿಸುತ್ತದೆ. ಅಲ್ಲಿದ್ದುಕೊಂಡು ಊರಿನಿಂದ ಗುಳಿಗೆ ತರಿಸಿಕೊಳ್ಳುವ ಬದಲು ಅಲ್ಲಿಯ ವೈದ್ಯರನ್ನೇ ಕಾಣಿರಿ. ರಜೆಯಲ್ಲಿ ಬರುವಾಗ ಸಂಶಯವೇನಾದರೂ ಇದ್ದರೆ ಮನೆಗೆ ಮೊದಲು ತಲುಪಬೇಕಾದ್ದು ಪರೀಕ್ಷೆಯ ವರದಿ.

ಎಲ್ಲಿ ಸಿಗುತ್ತದೆ, ಹೇಗೆ ಬಳಸಬೇಕು?

ಹಣವಿದ್ದವರಿಗೆ ಖಾಸಗಿ ಆಸ್ಪತ್ರೆಗಳ ಆನ್‌ಲೈನ್ ಸಮಾಲೋಚನೆಯಿದೆ. ಹಣವಿಲ್ಲದವರಿಗೆ ಕೇಂದ್ರ ಸರಕಾರದ ಇ-ಸಂಜೀವಿನಿ ಇದೆ. 2020ರ ಏಪ್ರಿಲ್‌ನಲ್ಲಿ ಮನೆಯಿಂದಲೇ ವೈದ್ಯರನ್ನು ಕಾಣುವ ಅದರ ಉಚಿತ ಸೇವೆ ಆರಂಭವಾಯಿತು. ಮೊಬೈಲ್ ಸಂಖ್ಯೆ ಕೊಟ್ಟು, ಬರುವ ಒಟಿಪಿಯನ್ನು ನಮೂದಿಸಿ, ಸರದಿಯಲ್ಲಿ ಕಾದರೆ ವೈದ್ಯರು ವೀಡಿಯೋದಲ್ಲಿ ಸಿಗುತ್ತಾರೆ, ಔಷಧ ಚೀಟಿಯೂ ಫೋನಿಗೇ ಬರುತ್ತದೆ.

ಯಾವುದಕ್ಕೆ ಇದು ಸಾಕು? ಪುರುಷರ ಶೀಘ್ರಸ್ಖಲನ, ನಿಮಿರು ದೌರ್ಬಲ್ಯಗಳ ಮೊದಲ ಸಮಾಲೋಚನೆಗೆ, ಹೊಸ ದಂಪತಿಗಳ ಭಯ ಮತ್ತು ನೋವಿನ ಕುರಿತ ಮಾತಿಗೆ, ಮುಟ್ಟಿನ ಏರುಪೇರಿಗೆ, ಮಕ್ಕಳ ನಡುವಿನ ಅಂತರದ ಸಲಹೆಗೆ, ಯಾವ ಪರೀಕ್ಷೆ ಮಾಡಿಸಬೇಕೆಂದು ತಿಳಿಯಲಿಕ್ಕೆ, ಬಂದ ವರದಿಯನ್ನು ಅರ್ಥ ಮಾಡಿಕೊಳ್ಳಲಿಕ್ಕೆ ಇದು ಉತ್ತಮ ದಾರಿ. ಅನೇಕ ಸಲ ನಿನಗೆ ರೋಗವೇ ಇಲ್ಲವೆಂಬ ಒಂದು ಮಾತೇ ಯುವಕನೊಬ್ಬನ ವರ್ಷಗಳ ಚಿಂತೆಯನ್ನು ಕಳೆಯುತ್ತದೆ.

ಯಾವುದಕ್ಕೆ ಸಾಲದು? ಫೋನಿನ ಮೂಲಕ ಹೊಟ್ಟೆ ಮುಟ್ಟಿ ನೋಡಲಾಗದು, ರಕ್ತ ತೆಗೆಯಲಾಗದು, ಚುಚ್ಚುಮದ್ದು ಕೊಡಲಾಗದು. ಸಿಫಿಲಿಸ್ ರೋಗಕ್ಕೆ ಪೆನಿಸಿಲಿನ್ ಚುಚ್ಚುಮದ್ದೇ ಮುಖ್ಯ ಚಿಕಿತ್ಸೆ. ಗರ್ಭಿಣಿಗೆ ಅದು ಸಕಾಲದಲ್ಲಿ ಸಿಗದಿದ್ದರೆ ಮಗು ಹೊಟ್ಟೆಯಲ್ಲೇ ಸಾಯಬಹುದು. ಜ್ವರದೊಂದಿಗೆ ಕೆಳಹೊಟ್ಟೆಯ ನೋವು, ಗರ್ಭಿಣಿಯಲ್ಲಿ ರಕ್ತಸ್ರಾವ, ಹುಡುಗರಲ್ಲಿ ವೃಷಣದ ಹಠಾತ್ ತೀವ್ರ ನೋವು ಇವು ಕೂಡಲೇ ಆಸ್ಪತ್ರೆಗೆ ಓಡಬೇಕಾದ ಸ್ಥಿತಿಗಳು. ವೃಷಣ ತಿರುಚಿಕೊಂಡಿದ್ದರೆ ಕೆಲವೇ ಗಂಟೆಗಳೊಳಗೆ ಶಸ್ತ್ರಚಿಕಿತ್ಸೆಯಾಗಬೇಕು. ನಾಚಿಕೆಪಟ್ಟು ಬೆಳಗಿನವರೆಗೆ ಕಾಯುವ ಹುಡುಗ ಆ ಅಂಗವನ್ನೇ ಕಳಕೊಳ್ಳುತ್ತಾನೆ. ಎಚ್‌ಐವಿ ತಗಲಿರಬಹುದೆಂಬ ಸಂಶಯವಿದ್ದರೆ ತಡೆಗಟ್ಟುವ ಔಷಧವನ್ನು 72 ಗಂಟೆಗಳೊಳಗೆ ಆರಂಭಿಸಬೇಕು. ಅತ್ಯಾಚಾರಕ್ಕೆ ಒಳಗಾದ ಹೆಣ್ಣುಮಗಳನ್ನು ಕುಟುಂಬದ ಮಾನದ ಹೆಸರಿನಲ್ಲಿ ಮನೆಯೊಳಗೆ ಬಚ್ಚಿಡುವವರು ಈ 72 ಗಂಟೆಗಳನ್ನು ನೆನಪಿಡಬೇಕು. ಸರಕಾರಿಯಾಗಲಿ ಖಾಸಗಿಯಾಗಲಿ, ಆಸ್ಪತ್ರೆಯು ಆಕೆಗೆ ಕೂಡಲೇ ಉಚಿತ ಪ್ರಥಮ ಚಿಕಿತ್ಸೆ ನೀಡುವುದು ಕಾನೂನಿನ ಪ್ರಕಾರ ಕಡ್ಡಾಯ.

ಆಸ್ಪತ್ರೆಗೆ ಹೋಗಲೇಬೇಕಾದಾಗಲೂ ಗೌಪ್ಯವಾದ ದಾರಿಗಳಿವೆ. ಜಿಲ್ಲಾಸ್ಪತ್ರೆಗಳಲ್ಲೂ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲೂ ಲೈಂಗಿಕ ಸೋಂಕುಗಳಿಗಾಗಿಯೇ ಸುರಕ್ಷಾ ಕ್ಲಿನಿಕ್‌ಗಳಿವೆ. ಎಚ್‌ಐವಿ ಪರೀಕ್ಷೆ ಐಸಿಟಿಸಿ ಕೇಂದ್ರಗಳಲ್ಲಿ ಉಚಿತ, ಆಪ್ತ ಸಲಹೆಯೂ ಉಚಿತ. 1097 ಎಂಬ ಸಂಖ್ಯೆಗೆ ಕರೆ ಮಾಡಿ ಮಾಹಿತಿ ಪಡೆಯಬಹುದು. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ವ್ಯಕ್ತಿಯ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಸೋಂಕಿನ ವಿಷಯವನ್ನು ಬಹಿರಂಗಪಡಿಸುವಂತಿಲ್ಲ, ಆ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ. ಔಷಧ 2004ರಿಂದಲೂ ಸರಕಾರದ ವತಿಯಿಂದ ಉಚಿತವಾಗಿದೆ. ನಿಯಮಿತವಾಗಿ ಔಷಧ ಸೇವಿಸುವವರು ಇಂದು ದೀರ್ಘಕಾಲ ಆರೋಗ್ಯವಾಗಿ ಬಾಳುತ್ತಿದ್ದಾರೆ.

ಆನ್‌ಲೈನ್ ಸಮಾಲೋಚನೆಯಲ್ಲಿ ಕೆಲವು ಎಚ್ಚರಿಕೆಗಳು ಅಗತ್ಯ. ಬಾಗಿಲು ಹಾಕಿಕೊಳ್ಳಬಹುದಾದ ಕೋಣೆಯಲ್ಲಿ ಕುಳಿತು ಮಾತಾಡಿರಿ. ಸ್ತ್ರೀಯರು ಮಹಿಳಾ ವೈದ್ಯರೇ ಬೇಕೆಂದು ಕೇಳಬಹುದು. ಆರಂಭದಲ್ಲೇ ವೈದ್ಯರ ಹೆಸರು ಮತ್ತು ನೋಂದಣಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿರಿ. ಗುಪ್ತಾಂಗದ ಚಿತ್ರ ಕಳುಹಿಸಿ ಎಂದು ವಾಟ್ಸಪ್ಪಿನಲ್ಲಿ ಯಾರಾದರೂ ಒತ್ತಾಯಿಸಿದರೆ ಕಳುಹಿಸಬೇಡಿರಿ. ನೋಡಲೇಬೇಕಾದ ಗಾಯವೋ ಹುಣ್ಣೋ ಇದ್ದರೆ ನೇರವಾಗಿ ಆಸ್ಪತ್ರೆಗೆ ಹೋಗುವುದೇ ಕ್ಷೇಮ. ಚಿತ್ರವನ್ನಿಟ್ಟುಕೊಂಡು ಯಾರಾದರೂ ಹಣಕ್ಕಾಗಿ ಬೆದರಿಸಿದರೆ ಒಂದು ರೂಪಾಯಿಯನ್ನೂ ಕೊಡದೆ 1930 ಸಂಖ್ಯೆಗೆ ಕರೆ ಮಾಡಿ ದೂರು ಕೊಡಿರಿ. ಒಮ್ಮೆ ಕೊಟ್ಟವನು ಮತ್ತೆ ಮತ್ತೆ ಕೊಡಬೇಕಾಗುತ್ತದೆ. ಸೋಂಕು ಇದೆಯೆಂದು ಗೊತ್ತಾದರೆ ಒಬ್ಬರೇ ಔಷಧ ಸೇವಿಸಿ ಸುಮ್ಮನಾಗಬೇಡಿರಿ. ಗಂಡಹೆಂಡಿರಿಬ್ಬರಿಗೂ ಚಿಕಿತ್ಸೆಯಾಗದಿದ್ದರೆ ಸೋಂಕು ಮತ್ತೆ ಮರಳುತ್ತದೆ. ಹಳೆಯ ಚೀಟಿ ತೋರಿಸಿ ಗುಳಿಗೆ ಕೊಳ್ಳುವ, ಅರ್ಧದಲ್ಲಿ ನಿಲ್ಲಿಸುವ ಅಭ್ಯಾಸವನ್ನೂ ಬಿಡಬೇಕು.

ಫೋನು ಯಾರ ಕೈಯಲ್ಲಿದೆ?

ಇಷ್ಟೆಲ್ಲ ಹೇಳುವಾಗ ಒಂದು ಕಹಿಸತ್ಯವನ್ನು ಮರೆಯಬಾರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಾನೇ ಬಳಸುವ ಮೊಬೈಲ್ ಫೋನ್ ಇದ್ದುದು ದೇಶದ 54 ಶೇಕಡಾ ಮಹಿಳೆಯರಿಗೆ ಮಾತ್ರ. ಅಂತರ್ಜಾಲವನ್ನು ಒಮ್ಮೆಯಾದರೂ ಬಳಸಿದವರು ಪುರುಷರಲ್ಲಿ 57 ಶೇಕಡಾ, ಮಹಿಳೆಯರಲ್ಲಿ ಕೇವಲ 33 ಶೇಕಡಾ. ಆ ಬಳಿಕ ಫೋನುಗಳು ಹೆಚ್ಚಿವೆ, ನಿಜ. ಆದರೆ ಫೋನು ಗಂಡನದ್ದು, ಒಟಿಪಿ ಮಗನ ಸಂಖ್ಯೆಗೆ, ಕೋಣೆಯಲ್ಲಿ ಅತ್ತೆ, ನಾದಿನಿ, ಮಕ್ಕಳು ಎಂಬ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಅಲ್ಲಿ ಗೌಪ್ಯತೆ ಎಂಬ ಪದಕ್ಕೇನು ಅರ್ಥ? ವೈದ್ಯರು ಗುಟ್ಟು ಕಾಪಾಡಿದರೂ ಮನೆಯವರು ಕಾಪಾಡದಿದ್ದರೆ ಕಾನೂನಿನಿಂದ ಏನು ಪ್ರಯೋಜನ?

ಸರಕಾರಕ್ಕೂ ನಾವು ಹೇಳಬೇಕಾದದ್ದಿದೆ. ಮುಸ್ಲಿಮರು ಹೆಚ್ಚಾಗಿರುವ ದೊಡ್ಡ ಹಳ್ಳಿಗಳಲ್ಲಿ ವೈದ್ಯಕೀಯ ಸೌಲಭ್ಯದ ಕೊರತೆಯಿದೆಯೆಂದು 2006ರಲ್ಲೇ ಸಾಚಾರ್ ಸಮಿತಿಯ ವರದಿ ಗಮನ ಸೆಳೆದಿತ್ತು. ನಗರಗಳ ಬಡ ಮೊಹಲ್ಲಾಗಳಿಗಾಗಿ 2022ರ ಡಿಸೆಂಬರ್‌ನಲ್ಲಿ ರಾಜ್ಯದಲ್ಲಿ ನಮ್ಮ ಕ್ಲಿನಿಕ್‌ಗಳು ಆರಂಭವಾದವು. ಅವು ನಮ್ಮ ಮೊಹಲ್ಲಾಗಳಿಗೆ ಬಂದಿವೆಯೇ, ಅಲ್ಲಿ ಮಹಿಳಾ ವೈದ್ಯರಿದ್ದಾರೆಯೇ, ಬಾಗಿಲು ಮುಚ್ಚಿ ಮಾತಾಡಲು ಒಂದು ಕೋಣೆಯಾದರೂ ಇದೆಯೇ ಎಂದು ಕೇಳುವುದು ನಮ್ಮ ಹಕ್ಕು. ಫೋನಿನಲ್ಲಿ ವೈದ್ಯರು ಸಿಗುತ್ತಾರೆಂಬ ನೆಪದಲ್ಲಿ ಆಸ್ಪತ್ರೆಯ ಖಾಲಿ ಹುದ್ದೆಗಳನ್ನು ತುಂಬದಿರುವುದನ್ನು ನಾವು ಒಪ್ಪಲಾರೆವು. ಪರದೆಯ ವೈದ್ಯರು ಆಸ್ಪತ್ರೆಯ ವೈದ್ಯರಿಗೆ ಪೂರಕವಾಗಬೇಕೇ ಹೊರತು ಬದಲಿಯಾಗಬಾರದು. ಚುನಾವಣೆಯ ಸಮಯದಲ್ಲಿ ನಮ್ಮ ಮೊಹಲ್ಲಾಕ್ಕೆ ಬರುವವರೊಡನೆ ಸ್ಮಶಾನದ ಗೋಡೆಯನ್ನಷ್ಟೇ ಕೇಳದೆ ಮಹಿಳಾ ವೈದ್ಯರನ್ನೂ ಕೇಳೋಣ.

ನಾವೇ ಮಾಡಬಹುದಾದ್ದೂ ಇದೆ. ಪ್ರತಿಯೊಂದು ಜಮಾಅತ್ತಿನಲ್ಲಿ ನಿಕಾಹ್‌ಗೆ ಮೊದಲು ವಧೂವರರಿಗೆ ಪ್ರತ್ಯೇಕ ತರಗತಿ ನಡೆಸಬಹುದು. ವರನಿಗೆ ವೈದ್ಯರೊಬ್ಬರು, ವಧುವಿಗೆ ವೈದ್ಯೆಯೊಬ್ಬರು ಒಂದು ಗಂಟೆ ಮಾತಾಡಿದರೆ ಸಾಕು. ಮಹರ್ ಎಷ್ಟೆಂದು ಕೇಳುವ ಹಿರಿಯರು ಇಬ್ಬರೂ ಆರೋಗ್ಯ ತಪಾಸಣೆ ಮಾಡಿಸಿಕೊಂಡಿದ್ದಾರೆಯೇ ಎಂದೂ ಸೌಜನ್ಯದಿಂದ ವಿಚಾರಿಸಬಹುದು. ಸಮುದಾಯದ ಹೊಲಿಗೆ ತರಬೇತಿ ಕೇಂದ್ರಗಳಲ್ಲೋ ಮಹಿಳಾ ಮದ್ರಸಗಳಲ್ಲೋ ಬಾಗಿಲಿರುವ ಒಂದು ಸಣ್ಣ ಕೋಣೆ, ಒಂದು ಫೋನು, ಬಾಯಿ ಬಿಡದ ನಂಬಿಗಸ್ಥ ಸಹೋದರಿಯೊಬ್ಬರು ಇದ್ದರೆ ಮೊಹಲ್ಲಾದ ಎಷ್ಟೋ ಹೆಣ್ಣುಮಕ್ಕಳು ಇ-ಸಂಜೀವಿನಿಯ ಮೂಲಕ ವೈದ್ಯರನ್ನು ತಲುಪಬಹುದು. ಖತೀಬರು ವರ್ಷಕ್ಕೊಂದು ಜುಮಾ ಪ್ರವಚನವನ್ನಾದರೂ ಚಿಕಿತ್ಸೆಯ ಕರ್ತವ್ಯದ ಕುರಿತು ನೀಡಲಿ. ರೋಗವಿರುವಲ್ಲಿ ಔಷಧವನ್ನೂ ಇಟ್ಟಿರುವವನು ಅಲ್ಲಾಹನೇ ಎಂದು ಪ್ರವಾದಿವರ್ಯರು(ಸ) ಕಲಿಸಿರುವಾಗ, ಔಷಧವನ್ನು ಹುಡುಕದಿರುವುದು ತವಕ್ಕುಲ್ ಅಲ್ಲ.

ಕೊನೆಯದಾಗಿ ಮನೆಯ ಗಂಡಸರಿಗೆ. ಪತ್ನಿಯ ನೋವನ್ನು ಕೇಳಿಸಿಕೊಳ್ಳಿರಿ. ಆಕೆ ವೈದ್ಯರೊಡನೆ ಮಾತಾಡಬೇಕೆಂದರೆ ಫೋನು ಕೊಟ್ಟು ಕೋಣೆಯಿಂದ ಹೊರಬಂದು ಬಾಗಿಲು ಎಳೆದುಕೊಳ್ಳಿರಿ. ಏನು ಮಾತಾಡಿದೆ ಎಂದು ವಿಚಾರಣೆ ನಡೆಸಬೇಡಿರಿ. ಪರೀಕ್ಷೆಗೆ ಹೋಗಬೇಕಾದರೆ ಮೊದಲು ನೀವು ಹೋಗಿರಿ. ಪತಿಪತ್ನಿಯರನ್ನು ಪರಸ್ಪರರ ಉಡುಪೆಂದು ಕುರ್‌ಆನ್ ಬಣ್ಣಿಸಿದೆ. ಉಡುಪು ದೇಹವನ್ನು ಮುಚ್ಚುತ್ತದೆ, ಚಳಿ ಬಿಸಿಲಿನಿಂದ ಕಾಪಾಡುತ್ತದೆ. ಒಳಗಿನ ಗಾಯ ಕೊಳೆಯುವಂತೆ ಬಿಗಿಯುವುದು ಉಡುಪಿನ ಕೆಲಸವಲ್ಲ.

ಅಲ್ಲಾಹನು ನಮ್ಮ ಕುಟುಂಬಗಳಿಗೆ ಆರೋಗ್ಯವನ್ನೂ, ನಮ್ಮ ನಾಲಗೆಗಳಿಗೆ ಸತ್ಯವನ್ನು ಕೇಳುವ ಧೈರ್ಯವನ್ನೂ, ಇತರರ ಗುಟ್ಟನ್ನು ಕಾಪಾಡುವ ಗುಣವನ್ನೂ ಅನುಗ್ರಹಿಸಲಿ. ಆಮೀನ್.